ಪಕ್ಕದಿಂದ ನೋಡಬೇಕಾದ ಪೆರು

ದಕ್ಷಿಣ ಅಮೆರಿಕದ ಪೆರು ದೇಶವನ್ನು ಮಕ್ಕಳಿಗೆ ಪರಿಚಯಿಸುವಾಗ ರಾಜಧಾನಿ, ನಾಣ್ಯ, ಭಾಷೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ವಾಡಿಕೆ. ಅದರ ಬದಲು ಪಶ್ಚಿಮದ ಕಡಲಿನಿಂದ ಪೂರ್ವದ ಕಾಡಿನವರೆಗೆ ನೆಲವನ್ನು ಕತ್ತರಿಸಿ ಪಕ್ಕದಿಂದ ನೋಡಿದಂತೆ ಒಂದು ಚಿತ್ರ ಬರೆಸಿದರೆ, ಅಲ್ಲಿನ ಮಳೆ, ಪ್ರಾಣಿ, ಬೆಳೆ, ಉಡುಗೆಗಳ ಕಾರಣಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಬೆಂಗಳೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದ್ದರೆ, ಪೆರುವಿನ ರಾಜಧಾನಿ ಲಿಮಾ ದಕ್ಷಿಣಕ್ಕೆ ಸುಮಾರು 12 ಡಿಗ್ರಿಯಲ್ಲಿದೆ. ಆದರೂ ಲಿಮಾ ಕಡಲಂಚಿನ ಮರುಭೂಮಿಯ ನಗರ. ದಕ್ಷಿಣದಿಂದ ಹರಿದುಬರುವ ಹಂಬೋಲ್ಟ್ ಎಂಬ ಶೀತಪ್ರವಾಹವು ತನ್ನ ಮೇಲಿನ ಗಾಳಿಯನ್ನು ತಣಿಸುವುದರಿಂದ ಆ ಗಾಳಿ ಮೇಲೇರಿ ಮಳೆಮೋಡವಾಗದೆ, ಬರಿಯ ಮಂಜಾಗಿ ನಿಲ್ಲುತ್ತದೆ. ಅದೇ ತಣ್ಣೀರು ಆಳದ ಪೋಷಕಾಂಶಗಳನ್ನು ಮೇಲಕ್ಕೆ ತರುವುದರಿಂದ ಮೀನು ಹೇರಳ. ಉಷ್ಣವಲಯವಾದರೂ ಪೆಂಗ್ವಿನ್‌ಗಳು ಅಲ್ಲಿ ಮರಿಮಾಡುತ್ತವೆ.

ಕರಾವಳಿಯ ಬೆನ್ನಿಗೇ ಆಂಡೀಸ್ ಪರ್ವತಗಳು ಏಳುತ್ತವೆ. ಹುವಾಸ್ಕರಾನ್ ಶಿಖರದ ಎತ್ತರ 6,768 ಮೀಟರ್. ಟಿಟಿಕಾಕಾ ಸರೋವರವೇ 3,800 ಮೀಟರಿಗೂ ಮೇಲಿದೆ. ನವಿರಾದ ಉಣ್ಣೆಯ ವಿಕುನ್ಯಾ ಎಂಬ ಒಂಟೆಯ ಬಳಗದ ಪ್ರಾಣಿ ಬದುಕುವ ಈ ಎತ್ತರದಲ್ಲಿ ಹಗಲು ಬಿಸಿಲು ತೀಕ್ಷ್ಣ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಈ ವೈಪರೀತ್ಯವನ್ನೇ ಅಲ್ಲಿನ ರೈತರು ಅಡುಗೆಗೆ ದುಡಿಸಿಕೊಂಡಿದ್ದಾರೆ: ಆಲೂಗಡ್ಡೆಯನ್ನು ರಾತ್ರಿಯ ಚಳಿಗೆ ಹರಡಿ, ಹಗಲು ಕರಗಿದಾಗ ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿದರೆ ವರ್ಷಗಟ್ಟಲೆ ಕೆಡದ 'ಚುನ್ಯೊ' ಸಿದ್ಧವಾಗುತ್ತದೆ. ನಮ್ಮ ಸಂಡಿಗೆಗೆ ಬಿಸಿಲೊಂದೇ ಸಾಕು, ಇದಕ್ಕೆ ಚಳಿಯೂ ಬೇಕು. ಆಲೂಗಡ್ಡೆಯ ತವರೂ ಇದೇ ಸೀಮೆಯಾದ್ದರಿಂದ, ಮಸಾಲೆ ದೋಸೆಯ ಪಲ್ಯದಿಂದಲೇ ಪಾಠ ಆರಂಭಿಸಿದರೂ ತಪ್ಪಿಲ್ಲ.

ಪೂರ್ವದ ಇಳಿಜಾರಿನ ಕಥೆ ಸಹ್ಯಾದ್ರಿಯನ್ನು ಬಲ್ಲ ಮಕ್ಕಳಿಗೆ ಸುಲಭ, ದಿಕ್ಕು ಮಾತ್ರ ತಿರುವುಮುರುವು: ಅಟ್ಲಾಂಟಿಕ್ ಕಡೆಯಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ತಾಕಿ, ಮೇಲೇರಿ ಮಳೆ ಸುರಿಸುತ್ತದೆ. ದೇಶದ ಅರ್ಧಕ್ಕಿಂತ ಹೆಚ್ಚು ನೆಲವನ್ನು ಆವರಿಸಿರುವ ಅಮೆಜಾನ್ ಕಾಡಿನ ನದಿಗಳಲ್ಲಿ ಗುಲಾಬಿ ಬಣ್ಣದ ಡಾಲ್ಫಿನ್‌ಗಳಿವೆ.

ಇನ್ಕಾ ಜನರ ಲೆಕ್ಕದ ದಾರವಾದ 'ಕಿಪು'ವಿನಲ್ಲೂ ಈ ಏರಿಳಿತದ ಗುರುತಿದೆ: ಅದರ ಹತ್ತಿ ತಗ್ಗಿನ ಬಿಸಿ ನೆಲದ್ದು, ಉಣ್ಣೆ ಎತ್ತರದ ಹುಲ್ಲುಗಾವಲಿನದು. ನೂರು, ಹತ್ತು, ಬಿಡಿಗಳ ಗಂಟುಗಳನ್ನು ಮೇಲಿನಿಂದ ಕೆಳಕ್ಕೆ ಹಾಕಿ, ಸೊನ್ನೆಯ ಜಾಗವನ್ನು ಖಾಲಿ ಬಿಡುವ ಈ ಕ್ರಮವನ್ನು ಯಾವ ತರಗತಿಯಲ್ಲಾದರೂ ಒಂದು ತುಂಡು ದಾರದಲ್ಲಿ ಕಲಿಸಬಹುದು.