ಆಟದ ಬೊಂಬೆಯ ಮೂಳೆಕಟ್ಟು

ವಿಡಿಯೋ ಆಟಗಳಲ್ಲಿ ಓಡುವ ಸೈನಿಕನನ್ನೂ ನೆಗೆಯುವ ಕುದುರೆಯನ್ನೂ ನಾವೆಲ್ಲರೂ ನೋಡಿದ್ದೇವೆ. ಆದರೆ ಆ ಬೊಂಬೆಗಳ ಮೈಯೊಳಗೂ ಮೂಳೆಗಳಿವೆಯೆಂಬುದು ಅನೇಕರಿಗೆ ತಿಳಿಯದು. ಅವುಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತಾರೆ, ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿಚಾರಿಸೋಣ.

ಪರದೆಯ ಮೇಲಿನ ಬೊಂಬೆಯ ಮೈಯೆಂದರೆ ಅನೇಕ ಬಿಂದುಗಳನ್ನು ಕೂಡಿಸಿ ಹೆಣೆದ ಒಂದು ಬಲೆ. 1996ರ 'ಕ್ವೇಕ್' ಆಟದಲ್ಲಿ ಒಂದೊಂದು ಭಂಗಿಗೂ ಎಲ್ಲ ಬಿಂದುಗಳ ಸ್ಥಾನವನ್ನೂ ಬರೆದಿಡಬೇಕಾಗಿತ್ತು. 1998ರ 'ಹಾಫ್-ಲೈಫ್' ಆಟದಲ್ಲಿ ಬೊಂಬೆಗಳೊಳಗೆ ಮೂಳೆಗಳನ್ನಿಟ್ಟರು. ಆಗ ಬರೆದಿಡಬೇಕಾದುದು ಕೆಲವೇ ಮೂಳೆಗಳ ಚಲನೆಯನ್ನು ಮಾತ್ರ. ಬಿಂದುಗಳು ಅವುಗಳನ್ನು ಹಿಂಬಾಲಿಸುತ್ತವೆ.

ಈ ಮೂಳೆಗಳ ವ್ಯವಸ್ಥೆ ಒಂದು ವಂಶವೃಕ್ಷದಂತಿದೆ. ಪ್ರತಿಯೊಂದು ಮೂಳೆಗೂ ಒಂದೇ ತಾಯಿ. ತಾಯಿಗೆ ಮಕ್ಕಳು ಎಷ್ಟಾದರೂ ಇರಬಹುದು. ತಾಯಿ ತಿರುಗಿದರೆ ಮಕ್ಕಳು ಮೊಮ್ಮಕ್ಕಳೆಲ್ಲ ಜೊತೆಯಲ್ಲಿ ತಿರುಗುತ್ತಾರೆ. ಮಗು ತಿರುಗಿದರೆ ತಾಯಿ ಕದಲುವುದಿಲ್ಲ. ವಾಚಕರು ತಮ್ಮ ತೋಳನ್ನೇ ಎತ್ತಿ ನೋಡಲಿ. ತೋಳು ಎದ್ದೊಡನೆ ಮುಂಗೈ, ಹಸ್ತ, ಬೆರಳುಗಳೆಲ್ಲ ಏಳುತ್ತವೆ. ಬೆರಳು ಮಡಿಸಿದರೆ ತೋಳಿಗೆ ಅದರ ಸುದ್ದಿಯೇ ಇಲ್ಲ.

ಹಾಗಾದರೆ ಈ ವಂಶದ ಮೂಲ ಯಾವುದು? ಪಾದವೆಂದರೆ, ಆ ಕಾಲನ್ನೆತ್ತುವಾಗ ಇಡೀ ದೇಹವೇ ಅದರ ಹಿಂದೆ ಹೋದೀತು. ಆದುದರಿಂದ ಸೊಂಟವನ್ನೇ ಮೂಲವಾಗಿಡುತ್ತಾರೆ. ಅಲ್ಲಿಂದ ಮೇಲಕ್ಕೆ ಬೆನ್ನು, ಎದೆ, ಕತ್ತು, ತಲೆ. ಎದೆಯಿಂದ ಎರಡೂ ಪಕ್ಕಕ್ಕೆ ಹೆಗಲು, ತೋಳು, ಮುಂಗೈ, ಹಸ್ತ. ಸೊಂಟದಿಂದ ಕೆಳಕ್ಕೆ ತೊಡೆ, ಕಣಕಾಲು, ಪಾದ. ಬೊಂಬೆಯು ಆಟದ ನೆಲದಲ್ಲಿ ಎಲ್ಲಿದೆಯೆಂದು ತಿಳಿಸಲು, ಪಾದಗಳ ನಡುವೆ ಸೊಂಟಕ್ಕೂ ತಾಯಿಯಾಗಿ ಇನ್ನೊಂದು ಮೂಳೆಯನ್ನಿಡುವುದೂ ಉಂಟು.

ಇಲ್ಲೊಂದು ತೊಡಕಿದೆ. ಸೈನಿಕನು ಬಂದೂಕನ್ನು ಎರಡು ಕೈಗಳಿಂದ ಹಿಡಿಯುತ್ತಾನೆ. ಬಂದೂಕಿಗೆ ತಾಯಿಯೋ ಒಂದೇ. ಅದನ್ನು ಬಲಗೈಗೆ ಒಪ್ಪಿಸಿದರೆ ಎಡಗೈಯ ಗತಿಯೇನು? ಅದಕ್ಕೆ ಲೆಕ್ಕವನ್ನು ತಿರುಗುಮುರುಗಾಗಿ ಮಾಡುತ್ತಾರೆ. ಹಸ್ತ ಎಲ್ಲಿರಬೇಕೆಂದು ಮೊದಲು ಗೊತ್ತುಮಾಡಿ, ಮೊಣಕೈ ಎಷ್ಟು ಬಾಗಬೇಕೆಂಬುದನ್ನು ಅನಂತರ ಕಂಡುಹಿಡಿಯುತ್ತಾರೆ. ಬೊಂಬೆ ಕುಳಿತಾಗ ಪಾದಗಳು ನೆಲದೊಳಗೆ ಹೂತುಹೋಗದಂತೆ ಕಾಯುವುದೂ ಇದೇ ಉಪಾಯ.

ಮೂಳೆಗಳು ಸಿದ್ಧವಾದ ಮೇಲೆ ಮೈಯನ್ನು ಅವುಗಳಿಗೆ ಹೊಂದಿಸಬೇಕು. ಮೊಣಕೈಯ ಬಳಿಯ ಬಿಂದುವಿನ ಮೇಲೆ ತೋಳಿನ ಮೂಳೆಗೆ ಅರ್ಧ, ಮುಂಗೈಯ ಮೂಳೆಗೆ ಅರ್ಧ ಹಕ್ಕು ಕೊಟ್ಟರೆ ಚರ್ಮ ಹರಿಯದೆ ಮೃದುವಾಗಿ ಬಾಗುತ್ತದೆ. ಹಕ್ಕುಗಳ ಮೊತ್ತ ಒಟ್ಟು 1 ಇರಬೇಕು.

ಇಷ್ಟೆಲ್ಲಕ್ಕೂ ಮೊದಲೇ ವಂಶಕ್ರಮ ನಿಶ್ಚಯವಾಗಿರಬೇಕು. ಏಕೆಂದರೆ ನಡಿಗೆ, ಓಟ, ನೆಗೆತಗಳನ್ನೆಲ್ಲ ಬರೆದಿಡುವುದು ಮೂಳೆಯ ಹೆಸರು ಹಿಡಿದು, ಅದರ ತಾಯಿಗೆ ಸಂಬಂಧಿಸಿದಂತೆ. ನಡುವೆ ತಾಯಿಯನ್ನು ಬದಲಾಯಿಸಿದರೆ ತಿಂಗಳುಗಟ್ಟಲೆ ಮಾಡಿದ ಕೆಲಸ ವಕ್ರವಾಗಿಬಿಡಬಹುದು.

ಇದು ಇಂಜಿನಿಯರುಗಳ ವಿದ್ಯೆ, ಬಿ.ಎ. ಓದುವವರಿಗೇಕೆ ಎಂದು ಕೆಲವರು ಕೇಳಬಹುದು. ಲೆಕ್ಕವನ್ನು ಯಂತ್ರವೇ ಮಾಡುತ್ತದೆ. 'ಬ್ಲೆಂಡರ್' ಎಂಬ ತಂತ್ರಾಂಶ ಹಣವಿಲ್ಲದೆ ದೊರೆಯುತ್ತದೆ. ಉಳಿದುದು ನೋಡುವ ಕಣ್ಣು. ಹೊರೆ ಹೊತ್ತವನ ಸೊಂಟ ಯಾವ ಕಡೆಗೆ ವಾಲುತ್ತದೆ, ನಾಟಿ ಮಾಡುವವಳ ಬೆನ್ನು ಎಲ್ಲಿ ಬಾಗುತ್ತದೆ ಎಂಬುದನ್ನು ಯಂತ್ರವು ತಾನಾಗಿ ಅರಿಯದು. ಅದನ್ನು ದಿನವೂ ಕಂಡು ಬೆಳೆದು, ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರು ಈ ವಿದ್ಯೆಗೆ ಬರಿಗೈಯಲ್ಲಿ ಹೋಗಬೇಕಾಗಿಲ್ಲ.