ಬಳಸಿದ ಕ್ಯಾಮರಾ ಕೊಳ್ಳುವ ಮುನ್ನ

ಮನೆಯ ಹುಡುಗ ಮದುವೆ ಫೋಟೊ ತೆಗೆಯುವುದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದರೆ, ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತ ಹಿರಿಯರ ಮೊದಲ ಪ್ರಶ್ನೆ ಬಂಡವಾಳದ್ದೇ. ಹೊಸ ವೃತ್ತಿಪರ ಕ್ಯಾಮರಾದ ಬೆಲೆ ಕೇಳಿದೊಡನೆ ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗೆ ನಿಲ್ಲಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಮಾಲನ್ನು ಒರೆಹಚ್ಚಿ ಕೊಳ್ಳುವುದು ನಮ್ಮ ವ್ಯಾಪಾರಿ ಮನೆತನಗಳಿಗೆ ಹೊಸದೇನಲ್ಲ. ಹಳೆಯ ಕ್ಯಾಮರಾದಲ್ಲಿ ಎಲ್ಲಿ ಕಣ್ಣಿಡಬೇಕೆಂಬುದು ತಿಳಿದರೆ ಸಾಕು.

ಕನ್ನಡಿಯಿಲ್ಲದ, ಅಂದರೆ ಮಿರರ್‌ಲೆಸ್ ಕ್ಯಾಮರಾಗಳಲ್ಲಿ ಸೋನಿ ಎ9 ಅನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2017ರಲ್ಲಿ ಹೊರಬಂದಾಗ ಅಮೆರಿಕದಲ್ಲಿ ಇದರ ಬೆಲೆ, ಲೆನ್ಸ್ ಬಿಟ್ಟು, ಸುಮಾರು 4,500 ಡಾಲರ್. 2019ರಲ್ಲಿ ಎರಡನೆಯದು, 2023ರಲ್ಲಿ ಮೂರನೆಯದು ಪ್ರಕಟವಾದ ಮೇಲೆ ಮೊದಲನೆಯದರ ಬೆಲೆ ಇಳಿಯಿತು. ಅದು ಮಾಡುವ ಕೆಲಸವೇನೂ ಇಳಿಯಲಿಲ್ಲ. 24 ಮೆಗಾಪಿಕ್ಸೆಲ್ ಚಿತ್ರ, ಸೆಕೆಂಡಿಗೆ 20ರವರೆಗೆ ವೇಗ, ಎರಡು ಕಾರ್ಡುಗಳಿಗೆ ಜಾಗ. ಒಂದೇ ಚಿತ್ರವನ್ನು ಎರಡೂ ಕಾರ್ಡುಗಳಲ್ಲಿ ಉಳಿಸಿಕೊಳ್ಳಬಹುದು. ಕಾರ್ಡು ಕೆಟ್ಟಿತೆಂದು ಧಾರೆಯನ್ನು ಮತ್ತೊಮ್ಮೆ ಎರೆಯಿಸಲು ಬರುವುದಿಲ್ಲವಷ್ಟೆ! ಇನ್ನೊಂದು ದೊಡ್ಡ ಗುಣವೆಂದರೆ ಎಲೆಕ್ಟ್ರಾನಿಕ್ ಷಟರಿನಲ್ಲಿ ಇದು ಸದ್ದೇ ಮಾಡದು. ಬಸದಿಯಲ್ಲಿ ಅಭಿಷೇಕ ನಡೆಯುವಾಗ ಪಕ್ಕದಲ್ಲೇ ಟಕಟಕ ಎನ್ನುವ ಕ್ಯಾಮರಾದಿಂದ ಬೇಸತ್ತವರಿಗೆ ಇದರ ಮಹತ್ವ ಬೇರೆ ಹೇಳಬೇಕಾಗಿಲ್ಲ.

ಕೊರತೆಗಳೂ ಇವೆ. ಫ್ಲ್ಯಾಶ್ ಬಳಸಬೇಕಾದರೆ ಮೆಕ್ಯಾನಿಕಲ್ ಷಟರಿಗೇ ಬರಬೇಕು. ಆಗ ವೇಗ ಸೆಕೆಂಡಿಗೆ 5ಕ್ಕೆ ಇಳಿಯುತ್ತದೆ, ಸದ್ದೂ ಬರುತ್ತದೆ. ಕೆಲವು ಎಲ್‌ಇಡಿ ದೀಪಗಳಡಿ ಸದ್ದಿಲ್ಲದ ಷಟರಿನ ಚಿತ್ರದಲ್ಲಿ ಪಟ್ಟೆಗಳು ಮೂಡಬಹುದು. ವಿಡಿಯೊದವರು ಬಣ್ಣ ತಿದ್ದಲು ಬಯಸುವ ಎಸ್-ಲಾಗ್ ಇದರಲ್ಲಿಲ್ಲ. ವಿಡಿಯೊವೇ ಮುಖ್ಯವಾದವರು ಬೇರೆಯದನ್ನು ನೋಡುವುದು ಲೇಸು.

ಮಾರುವವರು ಮೊದಲು ಹೇಳುವುದು "ಇಷ್ಟೇ ಕ್ಲಿಕ್ ಆಗಿದೆ" ಎಂದು. ಎ9ರ ಷಟರನ್ನು 5 ಲಕ್ಷ ಸಲದ ಲೆಕ್ಕಕ್ಕೆ ಪರೀಕ್ಷಿಸಲಾಗಿದೆಯೆಂದು ಕಂಪನಿಯೇ ಹೇಳಿದೆ. ಸದ್ದಿಲ್ಲದೆ ತೆಗೆದ ಚಿತ್ರಗಳಿಂದಂತೂ ಷಟರಿನ ಪರದೆ ಸವೆಯುವುದೇ ಇಲ್ಲ. ಆದ್ದರಿಂದ ಈ ಸಂಖ್ಯೆಯೊಂದನ್ನೇ ಹಿಡಿದು ಚೌಕಾಸಿ ಮಾಡಬಾರದು. ಹೆಚ್ಚು ನೋಡಬೇಕಾದದ್ದು ಸೆನ್ಸರ್. ಕನ್ನಡಿಯಿರುವ ಹಳೆಯ ಕ್ಯಾಮರಾದಲ್ಲಿ ಸೆನ್ಸರ್ ಮರೆಯಲ್ಲಿರುತ್ತಿತ್ತು. ಇದರಲ್ಲಿ ಲೆನ್ಸ್ ತೆಗೆದರೆ ಎದುರಿಗೇ ಕಾಣುತ್ತದೆ, ಚಿತ್ರ ತೆಗೆಯದಿದ್ದಾಗಲೂ ಬೆಳಕು ಅದರ ಮೇಲೆ ಬೀಳುತ್ತಲೇ ಇರುತ್ತದೆ. ಆರತಕ್ಷತೆಯ ವೇದಿಕೆಯಲ್ಲಿ, ಡಿಜೆಯವರ ಲೇಸರ್ ಕಿರಣ ನೇರವಾಗಿ ಲೆನ್ಸಿಗೆ ಹೊಕ್ಕರೆ ಸೆನ್ಸರ್ ಸುಡಬಹುದು. ಸುಟ್ಟ ಸೆನ್ಸರಿನ ದುರಸ್ತಿ ಬಹಳ ದುಬಾರಿ. ಉಳಿಸಿದ ಹಣವೆಲ್ಲ ಅದಕ್ಕೇ ಹೋದೀತು. ಮದುವೆಗಳಲ್ಲಿ ದುಡಿದ ಕ್ಯಾಮರಾಗಳೇ ಮಾರಾಟಕ್ಕೆ ಬರುವುದು ಹೆಚ್ಚಾದ್ದರಿಂದ ಈ ಎಚ್ಚರ ಅಗತ್ಯ.

ಪರೀಕ್ಷೆ ಸುಲಭ. ಬಿಳಿ ಗೋಡೆಯ ಚಿತ್ರವನ್ನು ಎಫ್16ರಲ್ಲಿ ತೆಗೆದು, ದೊಡ್ಡದು ಮಾಡಿ ಮೂಲೆಮೂಲೆ ನೋಡಿರಿ. ಮಸುಕು ಚುಕ್ಕೆ ಧೂಳಿನದು, ಶುಚಿ ಮಾಡಿದರೆ ಹೋಗುತ್ತದೆ. ಬಣ್ಣದ ಗೆರೆ ಕಂಡರೆ ಹಿಂತಿರುಗಿ ಬನ್ನಿರಿ. ಬಳಿಕ ಲೆನ್ಸಿನ ಮುಚ್ಚಳ ಹಾಕಿ, ಐಎಸ್‌ಒ ಹೆಚ್ಚಿಸಿ ಇನ್ನೊಂದು ಚಿತ್ರ ತೆಗೆಯಿರಿ. ಬಣ್ಣದ ಗೆರೆಯೋ ಚುಕ್ಕೆಗಳ ಗುಂಪೋ ಕಂಡರೆ ಅದೂ ಬೇಡ. ಲೆನ್ಸನ್ನೂ ಜೊತೆಗೆ ಕೊಳ್ಳುವುದಾದರೆ ಟಾರ್ಚ್ ಬಿಟ್ಟು ಒಳಗೆ ನೋಡಿರಿ. ಕಾಸರಗೋಡಿನಂಥ ಕರಾವಳಿಯ ತೇವದಲ್ಲಿ ಗಾಜಿನ ಮೇಲೆ ಬೂಷ್ಟು ಬೇಗ ಹಿಡಿಯುತ್ತದೆ, ಜೇಡರ ಬಲೆಯ ಎಳೆಯಂತೆ ಕಾಣುತ್ತದೆ.

ಬಿಲ್ಲಿನ ಕ್ರಮಾಂಕಕ್ಕೂ ಕ್ಯಾಮರಾದ ತಳದಲ್ಲಿರುವ ಕ್ರಮಾಂಕಕ್ಕೂ ತಾಳೆ ಬೀಳಲೇಬೇಕು. ಬಿಲ್ಲಿಲ್ಲದ ಮಾಲು ಕದ್ದದ್ದೂ ಆಗಿರಬಹುದು. ಎಷ್ಟೇ ಅಗ್ಗವಾಗಿದ್ದರೂ ನಮ್ಮವರಿಗೆ ಅದು ಸಲ್ಲದು. ಸೊಲ್ಲಾಪುರ, ಜತ್ತದ ಕಡೆಯವರು ಮುಂಬಯಿಯ ಬೋರಾ ಬಜಾರಿನ ಕ್ಯಾಮರಾ ಅಂಗಡಿಗಳಿಗೆ ಹೋಗುವುದುಂಟು. ಎಲ್ಲೇ ಕೊಂಡರೂ ಕೆಲವು ದಿನಗಳ ವಾಪಸಾತಿಯ ಮಾತನ್ನು ರಸೀದಿಯ ಮೇಲೆ ಬರೆಸಿಕೊಳ್ಳಿರಿ. ಹಣವನ್ನೆಲ್ಲ ಕ್ಯಾಮರಾಕ್ಕೇ ಸುರಿಯದೆ ಅರ್ಧದಷ್ಟನ್ನಾದರೂ ಲೆನ್ಸಿಗೆ ಇಡಬೇಕು. ಮುಂದೆ ಇದೇ ಕಂಪನಿಯ ಹೊಸ ಕ್ಯಾಮರಾ ಬಂದರೂ ಆ ಲೆನ್ಸ್ ಅದಕ್ಕೂ ಹೊಂದುತ್ತದೆ.