ಬರೆಯುವ ಮೇಷ್ಟ್ರಿಗೆ ಬೆನ್ನಾದವರು

1964ರಲ್ಲಿ ಸಾಗರದ ಲಾಲ್ ಬಹದ್ದೂರ್ ಕಾಲೇಜಿಗೆ ಮೈಸೂರಿನಿಂದ ಒಬ್ಬ ಪ್ರಿನ್ಸಿಪಾಲರು ಬಂದರು. ಇಂಗ್ಲಿಷ್ ಪಾಠ ಮಾಡುತ್ತಿದ್ದವರು, ಕನ್ನಡದಲ್ಲಿ ಕವಿತೆ ಬರೆಯುತ್ತಿದ್ದವರು. ‘ಚಂಡೆಮದ್ದಳೆ’, ‘ಭೂಮಿಗೀತ’ ಆಗಲೇ ಹೊರಬಂದಿದ್ದವು. ಎರಡು ವರ್ಷದ ಹಿಂದಷ್ಟೇ ‘ಸಾಕ್ಷಿ’ ಎಂಬ ಸಾಹಿತ್ಯ ಪತ್ರಿಕೆಯನ್ನೂ ಆರಂಭಿಸಿದ್ದರು. ಅವರು ಎಂ. ಗೋಪಾಲಕೃಷ್ಣ ಅಡಿಗರು. ನವ್ಯ ಕಾವ್ಯದ ಮುಂಚೂಣಿಯಲ್ಲಿದ್ದ ಕವಿಯೊಬ್ಬರು ಅಡಿಕೆ ವ್ಯಾಪಾರದ ಊರಿಗೆ ಬಂದು, ಕಾಲೇಜಿನ ಪ್ರವೇಶಾತಿ, ವೇಳಾಪಟ್ಟಿ, ಆಡಳಿತ ಮಂಡಳಿಯ ಸಭೆಗಳನ್ನೆಲ್ಲ ಹೊತ್ತುಕೊಂಡರು. ಇಂಥ ಕುರ್ಚಿಯಲ್ಲಿ ಕೂತ ಮೇಲೆ ಬರವಣಿಗೆ ನಿಂತೇಹೋದ ಅಧ್ಯಾಪಕರು ಕರ್ನಾಟಕದಲ್ಲಿ ಎಷ್ಟೋ ಮಂದಿ. ಅಡಿಗರದು ನಿಲ್ಲಲಿಲ್ಲ. ಕವಿಯ ಛಲ ಅದಕ್ಕೆ ಒಂದು ಕಾರಣ. ಸಾಗರದಿಂದ ಸುಮಾರು ಎಂಟು ಕಿಲೋಮೀಟರ್ ದೂರದ ಹೆಗ್ಗೋಡು ಇನ್ನೊಂದು.

ಹೆಗ್ಗೋಡಿನಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, 1949ರಲ್ಲೇ ಹುಟ್ಟಿತ್ತು. ಊರಿನ ಹುಡುಗರು ಸೇರಿ ನಾಟಕವಾಡಲು, ಪತ್ರಿಕೆ ಓದಲು ಕಟ್ಟಿಕೊಂಡ ಸಂಘ ಅದು. ಅದರ ಬೆನ್ನೆಲುಬಾಗಿದ್ದ ಕೆ.ವಿ. ಸುಬ್ಬಣ್ಣ ಮೈಸೂರಿನಲ್ಲಿ ಕನ್ನಡ ಆನರ್ಸ್ ಓದಿ, ನೌಕರಿಯ ಹಿಂದೆ ಹೋಗದೆ ಅಡಿಕೆ ತೋಟಕ್ಕೆ ಮರಳಿದ್ದರು. ನಾಟಕದ ಜೊತೆಗೆ ಅಕ್ಷರ ಪ್ರಕಾಶನವನ್ನೂ ಕಟ್ಟಿದರು. ಅಡಿಗರ ‘ಸಾಕ್ಷಿ’ಯ ಪ್ರಕಾಶನಕ್ಕೆ ಹೆಗಲು ಕೊಟ್ಟದ್ದು ಇದೇ ಅಕ್ಷರ ಪ್ರಕಾಶನ.

ಹೆಗಲು ಕೊಡುವುದು ಅಂದರೇನು ಎಂಬುದು ಸಣ್ಣ ಪತ್ರಿಕೆ ನಡೆಸಿದವರಿಗೇ ಗೊತ್ತು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲ. ಕರಡು ತಿದ್ದಬೇಕು, ಕಾಗದಕ್ಕೆ ದುಡ್ಡು ಹೊಂದಿಸಬೇಕು, ಚಂದಾದಾರರ ವಿಳಾಸ ಬರೆಯಬೇಕು, ಅಂಚೆಗೆ ಹಾಕಬೇಕು, ಚಂದಾ ಮುಗಿದವರಿಗೆ ನೆನಪೋಲೆ ಕಳಿಸಬೇಕು. ಇಷ್ಟನ್ನೂ ಸಂಪಾದಕರೊಬ್ಬರೇ ಮಾಡಹೊರಟರೆ ಬಂದ ಕವಿತೆ, ಕಥೆಗಳನ್ನು ಓದಿ ತೂಗಲು ಹೊತ್ತೆಲ್ಲಿ? ಬೆಳಗ್ಗೆ ಕಾಲೇಜು, ಸಂಜೆ ಮನೆ, ನಡುವೆ ಬರವಣಿಗೆ ಎಂದು ಒದ್ದಾಡುವ ಮೇಷ್ಟ್ರ ಹೆಗಲಿನಿಂದ ಇಂಥ ಒಂದು ಹೊರೆ ಇಳಿದರೂ ಅದು ಇಡೀ ಒಂದು ಪುಸ್ತಕದಷ್ಟು ಸಮಯ. ಸುಬ್ಬಣ್ಣ ಅಧ್ಯಾಪಕರಾಗಿರಲಿಲ್ಲ. ಆದರೆ ಕನ್ನಡದ ಅಧ್ಯಾಪಕ ಲೇಖಕರಿಗೆ ಅವರು ಕೊಟ್ಟಷ್ಟು ಬಿಡುವನ್ನು ಯಾವ ವಿಶ್ವವಿದ್ಯಾಲಯವೂ ಕೊಟ್ಟಿರಲಾರದು.

ಅಡಿಗರು ಸಾಗರದಲ್ಲಿದ್ದದ್ದು 1968ರವರೆಗೆ. ಆಮೇಲೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. ಆ ನಾಲ್ಕು ವರ್ಷಗಳ ಒಡನಾಟ ಸಾಗರದ ಸೀಮೆಯಲ್ಲಿ ಒಂದು ರೂಢಿಯನ್ನು ಬಿತ್ತಿ ಹೋಯಿತು: ಕಾಲೇಜಿನ ಮೇಷ್ಟ್ರುಗಳು ಹೆಗ್ಗೋಡಿನ ದಾರಿ ಹಿಡಿಯುವುದು, ಹೆಗ್ಗೋಡು ಅವರನ್ನು ಬರೆಯಲು ಹಚ್ಚುವುದು.

ಈ ರೂಢಿಯ ಬೇರು ಸಾಗರಕ್ಕಿಂತ ಹಳೆಯದು. ಅದನ್ನು ಹುಡುಕುವವರು ತೀರ್ಥಹಳ್ಳಿಯಿಂದ ಮೈಸೂರಿಗೆ ಹೋದ ಹುಡುಗನೊಬ್ಬನ ಬೆನ್ನು ಹತ್ತಬೇಕು. ಕುಪ್ಪಳಿಯ ಪುಟ್ಟಪ್ಪ, ಅಂದರೆ ಮುಂದಿನ ಕುವೆಂಪು, ಮಹಾರಾಜಾ ಕಾಲೇಜಿನಲ್ಲಿ ಓದುವಾಗ ಅಲ್ಲಿ ಕನ್ನಡ ಕಲಿಸುತ್ತಿದ್ದವರು ಟಿ.ಎಸ್. ವೆಂಕಣ್ಣಯ್ಯ. 1927ರಲ್ಲಿ ಕನ್ನಡ ಎಂ.ಎ. ಶುರುವಾದಾಗ ಮೊದಲ ತಂಡದಲ್ಲಿ ಪುಟ್ಟಪ್ಪ, ಡಿ.ಎಲ್. ನರಸಿಂಹಾಚಾರ್ ಇದ್ದರು. ಮನೆಯಿಂದ ದೂರ, ಕೈಯಲ್ಲಿ ಕಾಸಿಲ್ಲ, ಆರೋಗ್ಯ ನೆಟ್ಟಗಿಲ್ಲ ಎಂಬ ಸ್ಥಿತಿಯಲ್ಲಿದ್ದ ಶಿಷ್ಯನನ್ನು ಮೈಸೂರಿನ ರಾಮಕೃಷ್ಣ ಆಶ್ರಮದ ಆಸರೆಗೆ ಸೇರಿಸಿದವರು ವೆಂಕಣ್ಣಯ್ಯನವರೇ. ಅಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ಅಕ್ಕರೆಯಲ್ಲಿ ಕುವೆಂಪು ಸುಮಾರು ಹತ್ತು ವರ್ಷ ಇದ್ದರು. 1929ರಲ್ಲಿ ಅಧ್ಯಾಪಕರಾದದ್ದು, 1936ರಲ್ಲಿ ‘ಕಾನೂರು ಹೆಗ್ಗಡಿತಿ’ ಹೊರಬಂದದ್ದು ಎಲ್ಲ ಆ ಅವಧಿಯ ಆಸುಪಾಸಿನಲ್ಲೇ. ಊಟ, ವಸತಿ, ಔಷಧಿಯ ಚಿಂತೆ ಇಲ್ಲದ ಒಂದು ಕೋಣೆ ತರುಣ ಮೇಷ್ಟ್ರಿಗೆ ಏನು ಮಾಡಿಕೊಡಬಲ್ಲದು ಎಂಬುದಕ್ಕೆ ಆ ವರ್ಷಗಳ ಬರವಣಿಗೆಯೇ ಲೆಕ್ಕಪತ್ರ. ವೆಂಕಣ್ಣಯ್ಯ 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ‘ಶ್ರೀ ರಾಮಾಯಣ ದರ್ಶನಂ’ ಅಚ್ಚಾದಾಗ ಕುವೆಂಪು ಆ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ.

ವೆಂಕಣ್ಣಯ್ಯನವರ ಹೆಸರಿನಲ್ಲಿ ದೊಡ್ಡ ಗ್ರಂಥರಾಶಿಯೇನೂ ಇಲ್ಲ. ತಮ್ಮ ಹೊತ್ತನ್ನು ಅವರು ಬೇರೆಯವರ ಬರವಣಿಗೆಗೆ ಸುರಿದರು. ಸಾಹಿತ್ಯ ಚರಿತ್ರೆ ಇಂಥವರಿಗೆ ಒಂದು ಪ್ಯಾರಾ ಕೊಟ್ಟು ಮುಂದೆ ಹೋಗುತ್ತದೆ. ಅದು ಸಾಲದು.

ಮೈಸೂರಿನಲ್ಲಿ ಮುಂದಿನ ತಲೆಮಾರಿಗೆ ಆಶ್ರಮದ ಜಾಗದಲ್ಲಿ ಕಾಫಿ ಹೌಸ್ ಬಂತು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ ಓದಿದ್ದು ಮಹಾರಾಜಾ ಕಾಲೇಜಿನಲ್ಲಿ. ಅಡಿಗರು ಪಾಠ ಮಾಡುತ್ತಿದ್ದದ್ದು ಬೇರೆ ಕಡೆ. ಆದರೂ ಅನಂತಮೂರ್ತಿ ತಮ್ಮನ್ನು ಅಡಿಗರ ಶಿಷ್ಯನೆಂದೇ ಭಾವಿಸಿದ್ದರು, ಏಕೆಂದರೆ ನಿಜವಾದ ಪಾಠ ನಡೆದದ್ದು ಕಾಫಿಯ ಮೇಜಿನ ಸುತ್ತ. ಅಲ್ಲಿ ಹಿರಿಯರು ಕಿರಿಯರ ಬರಹ ಕೇಳುತ್ತಿದ್ದರು, ಕಿರಿಯರು ಹಿರಿಯರ ಜೊತೆ ಜಗಳವಾಡುತ್ತಿದ್ದರು. ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಜಗಲಿಯೂ ಇತ್ತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಸುತ್ತ ಸೇರುತ್ತಿದ್ದ ಬಳಗ ಅದು. 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದ ಮರುವರ್ಷವೇ ಸಾಗರ–ಹೊಸನಗರ ಕ್ಷೇತ್ರದಿಂದ ಶಾಸಕರಾದ ಗೋಪಾಲಗೌಡರಿಗೆ ಕವಿತೆಯ ಹುಚ್ಚು ರಾಜಕೀಯದಷ್ಟೇ ಇತ್ತು. ಕವಿಗಳು, ಮೇಷ್ಟ್ರುಗಳು, ಗೇಣಿದಾರರ ಹೋರಾಟದ ಕಾರ್ಯಕರ್ತರು ಒಂದೇ ಕಡೆ ಕೂರುತ್ತಿದ್ದ ಆ ಬಳಗದ ಋಣ ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯಲ್ಲಿ ಇದೆ.

ಸಂಶೋಧನೆ ಮತ್ತು ಸೃಜನಶೀಲ ಬರವಣಿಗೆ ಒಂದನ್ನೊಂದು ನುಂಗುತ್ತವೆ ಎಂಬ ಭಯ ಅಧ್ಯಾಪಕರಲ್ಲಿ ಈಗಲೂ ಇದೆ. ‘ಸಂಸ್ಕಾರ’ ಹುಟ್ಟಿದ ಬಗೆ ಈ ಭಯಕ್ಕೆ ಒಳ್ಳೆಯ ಉತ್ತರ. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದರು. ಮಾರ್ಗದರ್ಶಕರು ಕಾದಂಬರಿಕಾರ ಮಾಲ್ಕಂ ಬ್ರ್ಯಾಡ್‌ಬರಿ. ಒಂದು ದಿನ ಇಬ್ಬರೂ ಬರ್ಗ್‌ಮನ್‌ನ ‘ದ ಸೆವೆಂತ್ ಸೀಲ್’ ಸಿನಿಮಾ ನೋಡಿದರು. ಮಧ್ಯಯುಗ ಯುರೋಪಿನವರಿಗೆ ಓದಿ ಕಲ್ಪಿಸಿಕೊಳ್ಳಬೇಕಾದ ಸಂಗತಿ, ನಿಮಗಾದರೆ ಅದು ಕಣ್ಣೆದುರಿಗೇ ಇದೆ ಎಂಬ ಅರ್ಥದ ಮಾತನ್ನು ಬ್ರ್ಯಾಡ್‌ಬರಿ ಆಡಿದರಂತೆ. ಅನಂತಮೂರ್ತಿ ಇದನ್ನು ಎಷ್ಟೋ ಕಡೆ ನೆನೆದಿದ್ದಾರೆ. ಆ ಮಾತು ಅವರನ್ನು ತೀರ್ಥಹಳ್ಳಿ ಸೀಮೆಯ ಅಗ್ರಹಾರಕ್ಕೆ ಕರೆದೊಯ್ದಿತು. ಕಾದಂಬರಿ 1965ರಲ್ಲಿ ಪ್ರಕಟವಾಯಿತು, ಮರುವರ್ಷ ಪಿಎಚ್.ಡಿ.ಯೂ ಮುಗಿಯಿತು. ಮಾರ್ಗದರ್ಶಕರು ತಾವೂ ಕಾದಂಬರಿ ಬರೆಯುವವರಾಗಿದ್ದುದು ಇಲ್ಲಿ ಸಣ್ಣ ಸಂಗತಿಯಲ್ಲ. ಪ್ರಬಂಧದ ಅಧ್ಯಾಯ ಎಲ್ಲಿಗೆ ಬಂತು ಎಂದಷ್ಟೇ ಕೇಳುವ ಗೈಡ್ ಆಗಿದ್ದರೆ ‘ಸಂಸ್ಕಾರ’ ಇನ್ನೆಷ್ಟು ವರ್ಷ ತಡವಾಗುತ್ತಿತ್ತೋ. ಮುಂದೆ ಅದನ್ನು ಇಂಗ್ಲಿಷಿಗೆ ತಂದವರೂ ಒಬ್ಬ ಅಧ್ಯಾಪಕರೇ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಮೈಸೂರಿನ ಎ.ಕೆ. ರಾಮಾನುಜನ್ ಅವರ ಅನುವಾದ 1976ರಲ್ಲಿ ಬಂತು.

ಮತ್ತೆ ಹೆಗ್ಗೋಡಿಗೆ ಬರೋಣ. 1970ರಲ್ಲಿ ‘ಅಕ್ಷರ ಹೊಸ ಕಾವ್ಯ’ ಎಂಬ ಸಂಕಲನವನ್ನು ಅಕ್ಷರ ಪ್ರಕಾಶನ ತಂದಿತು. ಸಂಪಾದಿಸಿದವರು ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಪಿ. ಲಂಕೇಶ್. ಮುಂದಿನ ವರ್ಷಗಳಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಡಿ.ಆರ್. ನಾಗರಾಜ್ ‘ಅಕ್ಷರ ಚಿಂತನ’ ಮಾಲೆಯನ್ನು ಸಂಪಾದಿಸಿದರು. ಸಮಾಜಶಾಸ್ತ್ರ, ರಾಜಕೀಯ ಚಿಂತನೆ, ಕಲಾಮೀಮಾಂಸೆಯ ಪುಸ್ತಕಗಳು ಒಂದರ ಹಿಂದೊಂದು ಕನ್ನಡಕ್ಕೆ ಬಂದವು, ಹಲವನ್ನು ಬರೆದವರು, ಅನುವಾದಿಸಿದವರು ಕಾಲೇಜು ಮೇಷ್ಟ್ರುಗಳೇ. ಯಾರು ಏನು ಬರೆಯಬಲ್ಲರು ಎಂದು ಗುರುತಿಸಿ, ಕೇಳಿ, ಬರೆಸಿ, ಅಚ್ಚು ಹಾಕಿಸುವ ಒಬ್ಬರು ಇದ್ದಾರೆ ಎಂದಾದರೆ ಬರೆಯುವವರು ನಾಳೆಗೆ ತಳ್ಳುವುದಿಲ್ಲ.

ವರ್ಷಕ್ಕೊಮ್ಮೆ ದಸರಾ ರಜೆಯ ಆಸುಪಾಸಿನಲ್ಲಿ ನೀನಾಸಮ್ ನಡೆಸುತ್ತ ಬಂದ ಸಂಸ್ಕೃತಿ ಶಿಬಿರ ಈ ಕೆಲಸದ ಇನ್ನೊಂದು ಮುಖ. ಕಾಲೇಜಿಗೆ ರಜೆ ಇರುವ ಹೊತ್ತೇ ಆದ್ದರಿಂದ ಅಧ್ಯಾಪಕರು ಬರಬಹುದು. ಗುಜರಾತಿನಲ್ಲಿ ಇಂಗ್ಲಿಷ್ ಕಲಿಸುತ್ತ ಕನ್ನಡದ ದೊಡ್ಡ ವಿಮರ್ಶಕರಾಗಿ ಬೆಳೆದ ಕೀರ್ತಿನಾಥ ಕುರ್ತಕೋಟಿ, ಅನಂತಮೂರ್ತಿ, ಡಿ.ಆರ್. ನಾಗರಾಜ್ ಅಲ್ಲಿ ಮಾತಾಡುತ್ತಿದ್ದರು. ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ಚರ್ಚೆ, ಸಂಜೆ ನಾಟಕ, ರಾತ್ರಿ ಊಟದ ಪಂಕ್ತಿಯಲ್ಲೂ ಅದೇ ಮಾತು. ವರ್ಷವಿಡೀ ಒಂದೇ ಪಠ್ಯವನ್ನು ಮತ್ತೆ ಮತ್ತೆ ಹೇಳಿ ಬೇಸತ್ತ ಮೇಷ್ಟ್ರು ತಾನೇ ವಿದ್ಯಾರ್ಥಿಯಾಗಿ ಕೂರುವ ಅವಕಾಶ ಅದು. ಲಾಲ್ ಬಹದ್ದೂರ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಲೇ ಕನ್ನಡ ವಿಮರ್ಶೆಯಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದ ಟಿ.ಪಿ. ಅಶೋಕ ಈ ಶಿಬಿರಗಳ ನಂಟಿನಲ್ಲಿ ಬೆಳೆದವರು, ಮುಂದೆ ಅವನ್ನು ನಡೆಸಿಕೊಟ್ಟವರು. ವಿಶ್ವವಿದ್ಯಾಲಯದ ಗ್ರಂಥಾಲಯವಾಗಲಿ ರಾಜಧಾನಿಯ ಸಂಪರ್ಕವಾಗಲಿ ಇಲ್ಲದ ತಾಲ್ಲೂಕು ಕೇಂದ್ರದಲ್ಲಿ ಕೂತು ಸಮಕಾಲೀನ ಸಾಹಿತ್ಯದ ಬಗ್ಗೆ ಅಧಿಕಾರವಾಣಿಯಿಂದ ಬರೆಯುವುದು ಸಾಧ್ಯವಾಗಲು ಪಕ್ಕದಲ್ಲೊಂದು ಹೆಗ್ಗೋಡು ಬೇಕಾಯಿತು.

ಇಲ್ಲಿಯವರೆಗೆ ಬಂದ ಹೆಸರುಗಳೆಲ್ಲ ಗಂಡಸರವು. ಆಕಸ್ಮಿಕ ಅಲ್ಲ ಇದು. ಕಾಫಿ ಹೌಸಿನ ಮೇಜು ರಾತ್ರಿಯವರೆಗೆ ತುಂಬಿರಬೇಕಾದರೆ ಮನೆಯಲ್ಲಿ ಯಾರೋ ಒಲೆಯ ಮುಂದೆ ಇದ್ದರು, ಮಕ್ಕಳನ್ನು ಮಲಗಿಸುತ್ತಿದ್ದರು. 1937ರಲ್ಲಿ ದೇವಂಗಿಯ ಹೇಮಾವತಿಯವರು ಕುವೆಂಪು ಅವರ ಬಾಳಿಗೆ ಬಂದ ಮೇಲೆ ಆಶ್ರಮ ಕೊಡುತ್ತಿದ್ದ ನೆಮ್ಮದಿಯನ್ನು ಅವರ ಮನೆ ‘ಉದಯರವಿ’ಯಲ್ಲಿ ಕೊಟ್ಟವರು ಹೇಮಾವತಿಯವರೇ. ಎಸ್ತರ್ ಅನಂತಮೂರ್ತಿಯವರು ತಮ್ಮ ಬದುಕನ್ನು ‘ನೆನಪು ಅನಂತ’ದಲ್ಲಿ ಹೇಳಿಕೊಂಡದ್ದರಿಂದ ಲೇಖಕ ಮೇಷ್ಟ್ರ ಮನೆಯ ಒಳಗಿನ ಮಾತು ಕನ್ನಡಕ್ಕೆ ಸಿಕ್ಕಿತು. ಅಂಥ ಪುಸ್ತಕಗಳು ಇನ್ನೂ ಬೇಕು.

ತಾವೇ ಅಧ್ಯಾಪಕರಾದ ಹೆಂಗಸರು ಬೇರೆ ದಾರಿ ಹುಡುಕಬೇಕಾಯಿತು. ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದ, ಬೇಲೂರು ತಾಲ್ಲೂಕಿನ ವಿಜಯಾ ದಬ್ಬೆ ಗೆಳತಿಯರ ಜೊತೆ 1978ರಲ್ಲಿ ಸಮತಾ ವೇದಿಕೆಯನ್ನು ಕಟ್ಟಿದರು. ಮನೆ, ತರಗತಿ, ಬರವಣಿಗೆ ಮೂರರಲ್ಲೂ ಎದುರಾಗುವ ಅಸಮಾನತೆಯನ್ನು ಒಟ್ಟಿಗೆ ಕೂತು ಮಾತಾಡುವ ಜಾಗ ಅದು. ದಬ್ಬೆಯವರ ಸ್ತ್ರೀವಾದಿ ವಿಮರ್ಶೆಯನ್ನು ಆ ಗೆಳೆತನದಿಂದ ಬಿಡಿಸಿ ಓದಲು ಬರುವುದಿಲ್ಲ.

ಮತ್ತೆ ಮಲೆನಾಡಿಗೆ ಬಂದರೆ, ಈಗ ಸಾಗರ, ತೀರ್ಥಹಳ್ಳಿ, ಹೊಸನಗರ ಮೂರೂ ತಾಲ್ಲೂಕುಗಳಲ್ಲಿ ಕಾಲೇಜುಗಳಿವೆ. ಸಾಗರದಲ್ಲಿ ಲಾಲ್ ಬಹದ್ದೂರ್ ಕಾಲೇಜಿನ ಜೊತೆ ಇಂದಿರಾಗಾಂಧಿ ಸರ್ಕಾರಿ ಮಹಿಳಾ ಕಾಲೇಜು, ತೀರ್ಥಹಳ್ಳಿಯಲ್ಲಿ ತುಂಗಾ ಮಹಾವಿದ್ಯಾಲಯ, ಹೊಸನಗರದಲ್ಲಿ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಹಳ್ಳಿಗಳನ್ನೇ ಕಳೆದುಕೊಂಡ ಸಾಗರ, ಹೊಸನಗರದ ನೆಲದಲ್ಲಿ ಪದವಿ ತರಗತಿ ಮನೆಬಾಗಿಲಿಗೆ ಬಂದದ್ದು ಸಣ್ಣ ಮಾತಲ್ಲ. ಇವನ್ನೆಲ್ಲ ಒಳಗೊಳ್ಳುವ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ 1987ರಿಂದ ಇದೆ.

ಕಾಲೇಜುಗಳು ಬಂದವು, ಮೇಷ್ಟ್ರುಗಳಿಗೆ ಬರೆಯುವ ಬಿಡುವು ಮಾತ್ರ ಬರಲಿಲ್ಲ. ಯುಜಿಸಿಯ 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಕಾಗದದ ಮೇಲೆ ಇದು ಹಗುರ. ಅದರ ಬೆನ್ನಿಗೇ ಆಂತರಿಕ ಪರೀಕ್ಷೆ, ಮೌಲ್ಯಮಾಪನ, ನ್ಯಾಕ್ ಕಡತ, ಎನ್‌ಎಸ್‌ಎಸ್ ಶಿಬಿರ, ಚುನಾವಣಾ ಕೆಲಸ ಬರುತ್ತವೆ. 2010ರಲ್ಲಿ ಬಂದ ಎಪಿಐ ಅಂಕಪದ್ಧತಿ ಬರವಣಿಗೆಯನ್ನು ಬಡ್ತಿಯ ಅಂಕವಾಗಿ ಎಣಿಸಿತು. ಓದುವವರಿಗಾಗಿ ಬರೆಯುವ ಅಭ್ಯಾಸಕ್ಕೆ ಅದು ಮಾಡಿದ ಹಾನಿ ದೊಡ್ಡದು.

ಇಷ್ಟರ ನಡುವೆಯೂ ಬರೆಯುವ ದಾರಿ ಇದೆ ಎನ್ನುವವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ ಅಧ್ಯಾಪಕರ ಬರವಣಿಗೆಯನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿ 1990ರಲ್ಲಿ ಪುಸ್ತಕ ಬರೆದರು. ದೊಡ್ಡ ರಜೆಗಾಗಿ ಕಾಯುವವರಿಗಿಂತ ದಿನವೂ ಸ್ವಲ್ಪ ಹೊತ್ತು ಬರೆಯುವವರು, ಜೊತೆಯವರಿಗೆ ಲೆಕ್ಕ ಒಪ್ಪಿಸುವವರು ಹೆಚ್ಚು ಬರೆಯುತ್ತಾರೆ ಎಂಬುದು ಅವರು ಕಂಡುಕೊಂಡದ್ದು. ಕೆಲಸ ಕಾಯಂ ಆದವರಿಗೆ ಇದು ಒಳ್ಳೆಯ ಸಲಹೆ.

ಸರ್ಕಾರಿ ಪದವಿ ಕಾಲೇಜುಗಳ ಪಾಠದ ಬಹುಪಾಲನ್ನು ಹೊತ್ತಿರುವ ಅತಿಥಿ ಉಪನ್ಯಾಸಕರ ಸಂಗತಿ ಬೇರೆ. ದೀರ್ಘ ಮುಷ್ಕರದ ನಂತರ 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನ ಏರಿಸಿತು, ಜೊತೆಗೆ ಅಲ್ಲಿಯವರೆಗೆ ಎಂಟು ಹತ್ತು ಗಂಟೆ ಇದ್ದ ವಾರದ ಪಾಠವನ್ನು 15 ಗಂಟೆಗೆ ಹೆಚ್ಚಿಸಿತು. ಒಬ್ಬರಿಗೆ ಹೆಚ್ಚು ಪಾಠ ಸಿಕ್ಕರೆ ಇನ್ನೊಬ್ಬರ ಜಾಗ ಹೋಗುತ್ತದೆ, ಹಾಗಾಗಿ ನಿನ್ನೆಯವರೆಗೆ ಜೊತೆಗೆ ಚಹಾ ಕುಡಿದವರು ನೇಮಕಾತಿಯ ಕೌನ್ಸೆಲಿಂಗ್ ಪಟ್ಟಿಯಲ್ಲಿ ಎದುರಾಳಿಗಳಾಗುತ್ತಾರೆ. ಒಬ್ಬರ ಕರಡನ್ನು ಇನ್ನೊಬ್ಬರು ಓದುವ ವಿಶ್ವಾಸ ಅಲ್ಲಿ ಹುಟ್ಟುವುದು ಕಷ್ಟ. ಶೈಕ್ಷಣಿಕ ವರ್ಷ ಮುಗಿದೊಡನೆ ಅವರ ಸಂಬಳವೂ ನಿಲ್ಲುತ್ತದೆ. ಕಾಯಂ ಅಧ್ಯಾಪಕರು ಬರೆಯಲು ಕೂರುವ ರಜೆಯ ತಿಂಗಳುಗಳಲ್ಲಿ ಇವರು ಬೇರೆ ದುಡಿಮೆ ಹುಡುಕುತ್ತಾರೆ. ಇವರಲ್ಲಿ ಪಿಎಚ್.ಡಿ. ಮುಗಿಸಿದವರಿದ್ದಾರೆ, ಕಥೆ, ಕವಿತೆ ಬರೆಯುವವರಿದ್ದಾರೆ. ವೆಂಕಣ್ಣಯ್ಯನವರು ಒಬ್ಬ ಶಿಷ್ಯನಿಗೆ ಕೋಣೆ ಹುಡುಕಿಕೊಟ್ಟ ಹಾಗೆ ಇವರಿಗೆ ಆ ರಜೆಯ ತಿಂಗಳುಗಳನ್ನು ಹುಡುಕಿಕೊಡುವ ಕೆಲಸ ಸರ್ಕಾರದ್ದು, ವಿಶ್ವವಿದ್ಯಾಲಯದ್ದು, ಪಕ್ಕದ ಕುರ್ಚಿಯಲ್ಲಿ ಕೂತ ಕಾಯಂ ಸಹೋದ್ಯೋಗಿಯದೂ ಹೌದು.